ಹತ್ತೇ ಗೆಲುವಿನ ಪಿಚರ್

ಕಾಫಿ ಆರಿ ಹೋಗುವವರೆಗೂ ಬೇಸ್‌ಬಾಲ್ ಪಿಚರ್, ಅಂದರೆ ಚೆಂಡು ಎಸೆಯುವ ಆಟಗಾರ, ಜೇಕಬ್ ಡಿಗ್ರಾಮ್‌ನ ಹಳೇ ಲೆಕ್ಕ ನೋಡುತ್ತಾ ಕೂತಿದ್ದೆ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಪರ ಇವನ ಹೆಸರಲ್ಲಿ 10 ಗೆಲುವು, 9 ಸೋಲು. ಸುಮ್ನೆ ನೋಡಿದರೆ ಸಾಧಾರಣ ಪಿಚರ್, ಅಲ್ವಾ? ಪಕ್ಕದ ಕಾಲಂ ನೋಡಿ. ಇಆರ್‌ಎ 1.70. ಅಂದರೆ ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎರಡು ರನ್ನೂ ಕೊಟ್ಟಿಲ್ಲ! 269 ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಬೇರೆ. ಇವನು ಎದುರಾಳಿಯನ್ನು ಕಟ್ಟಿಹಾಕುತ್ತಿದ್ದ, ಇವನ ತಂಡದವರೇ ರನ್ ಹೊಡೆಯುತ್ತಿರಲಿಲ್ಲ. ಹಾಗಿರುವಾಗ ಸೋಲನ್ನು ಇವನ ಹೆಸರಿಗೆ ಬರೆಯೋದು ಯಾವ ನ್ಯಾಯ? ಗೆಲುವು-ಸೋಲಿನ ಲೆಕ್ಕಕ್ಕಿಂತ ಎಫ್‌ಐಪಿ ಅನ್ನೋ ಅಳತೆ ವಾಸಿ. ಅದು ಮುಖ್ಯವಾಗಿ ಸ್ಟ್ರೈಕೌಟ್, ವಾಕ್ (ಪಿಚರ್ ಸರಿಯಾಗಿ ಎಸೆಯದೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್), ಹೋಮ್ ರನ್ ನೋಡುತ್ತದೆ. ಫೀಲ್ಡರ್‌ನ ಎಡವಟ್ಟಿಗೆ ಪಿಚರ್‌ನನ್ನು ಬೈಯಲ್ಲ. ಆ ವರ್ಷ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯಲ್ಲಿ ಮೊದಲ ಸ್ಥಾನದ 30 ಮತಗಳ ಪೈಕಿ 29 ಡಿಗ್ರಾಮ್‌ಗೇ ಬಂದವು. ಉಳಿದ ಒಂದು, 18 ಪಂದ್ಯ ಗೆದ್ದಿದ್ದ ಮ್ಯಾಕ್ಸ್ ಶೆರ್ಜರ್‌ಗೆ.