ಕ್ಲೀವ್‌ಲ್ಯಾಂಡ್ ಫ್ರೀ-ನೆಟ್‌ಗೆ ವಿಕಿಪೀಡಿಯದಲ್ಲಿ ಒಂದು ಪುಟ ಬೇಕಾ?

ಮೊನ್ನೆ ಭಾನುವಾರ ಕನ್ನಡ ವಿಕಿಪೀಡಿಯಕ್ಕೆ ಅಂತ ಕ್ಲೀವ್‌ಲ್ಯಾಂಡ್ ಫ್ರೀ-ನೆಟ್ ಬಗ್ಗೆ ಬರೆಯಲು ಕೂತಿದ್ದೆ. ಗೆಳೆಯನಿಗೆ ಹೇಳಿದರೆ ನಕ್ಕುಬಿಟ್ಟ. "ಅಮೆರಿಕದ ಯಾವುದೋ ಊರಿನ ನೆಟ್‌ವರ್ಕು, ಸತ್ತು ಇಪ್ಪತ್ತೈದು ವರ್ಷ ಆಯ್ತು. ಅದಕ್ಕೊಂದು ಪುಟ ಯಾಕೆ ಮಾರಾಯ? ನಮ್ಮ ತಾಲ್ಲೂಕಿನ ಕೆರೆಗಳಿಗೇ ಇನ್ನೂ ಪುಟ ಇಲ್ಲ" ಅಂದ. ಕೆರೆ ಮಾತು ನಿಜ. ಕೆರೆ ಬಗ್ಗೆ ಅವನೇ ಬರೆಯಲಿ. ನನ್ನ ತಲೆಯಲ್ಲಿ ಉಳಿದದ್ದು ಅವನ "ಯಾಕೆ".

ಮೊದಲು ಅದೇನು ಅಂತ ಹೇಳಿಬಿಡುತ್ತೇನೆ. 1984ರಲ್ಲಿ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ, ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಟಾಮ್ ಗ್ರಂಡ್ನರ್ ಒಂದು ಕಂಪ್ಯೂಟರನ್ನು ಫೋನ್ ಲೈನಿಗೆ ಸಿಕ್ಕಿಸಿ, ಅದಕ್ಕೆ 'ಸೇಂಟ್ ಸಿಲಿಕಾನ್ ಆಸ್ಪತ್ರೆ' ಅಂತ ಹೆಸರಿಟ್ಟರು. ತಮಾಷೆಗೇ. ಮನೆಯಲ್ಲಿ ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಪೆಟ್ಟಿಗೆ) ಇದ್ದವರು ಅದಕ್ಕೆ ಕರೆ ಮಾಡಿ, ಹೊಟ್ಟೆನೋವು, ಚರ್ಮದ ತುರಿಕೆ, ಯಾರ ಮುಂದೆಯೂ ಕೇಳಲಾಗದ ಸಂಗತಿ, ಹೀಗೆ ಏನನ್ನಾದರೂ ಟೈಪ್ ಮಾಡಿ ಬಿಡಬಹುದಿತ್ತು. ಒಂದು ದಿನದೊಳಗೆ ವೈದ್ಯರು ಉತ್ತರ ಬರೆಯುತ್ತಿದ್ದರು. ಜನ ಮುಗಿಬಿದ್ದರು. ಡಾಕ್ಟರಿಗೆ ಮಾತ್ರ ಯಾಕೆ, ವಕೀಲರು, ಮೇಷ್ಟರು, ಗ್ರಂಥಾಲಯ ಎಲ್ಲವನ್ನೂ ಸೇರಿಸೋಣ ಅಂತ 1986ರಲ್ಲಿ ಫ್ರೀ-ನೆಟ್ ಶುರುವಾಯಿತು. ಯಂತ್ರ ಎಟಿ ಅಂಡ್ ಟಿ ಕಂಪನಿ ದಾನ ಕೊಟ್ಟದ್ದು. ಬಳಸುವವರಿಗೆ ಪೂರ್ತಿ ಪುಕ್ಕಟೆ.

ನನಗೆ ಬಹಳ ಇಷ್ಟವಾದದ್ದು ಅದರ ಮೆನು. ಅದನ್ನು ಒಂದು ಊರಿನ ಹಾಗೆ ಮಾಡಿದ್ದರು. ಪರದೆಯ ಮೇಲೆ ಅಂಕಿ ಹಾಕಿದ ಸಾಲುಗಳು, ಅಷ್ಟೇ. 1 ಆಡಳಿತ ಕಟ್ಟಡ, 2 ಅಂಚೆ ಕಚೇರಿ, 3 ಪಬ್ಲಿಕ್ ಸ್ಕ್ವೇರ್, 4 ನ್ಯಾಯಾಲಯ, ಆಮೇಲೆ ಕಲಾಭವನ, ವೈದ್ಯರ ಕಟ್ಟಡ, ಶಾಲೆ, ಗ್ರಂಥಾಲಯ. ನಂಬರ್ ಒತ್ತಿ ಎಂಟರ್ ಕೊಟ್ಟರೆ ಆ ಕಟ್ಟಡದ ಒಳಗೆ ಹೋದ ಹಾಗೆ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ವಿಎಸ್‌ಎನ್‌ಎಲ್ ಎಂಬ ಸರ್ಕಾರಿ ಕಂಪನಿಯ ಶೆಲ್ ಅಕೌಂಟ್ (ಬರೀ ಅಕ್ಷರಗಳಷ್ಟೇ ಬರುವ ಇಂಟರ್ನೆಟ್ ಸಂಪರ್ಕ) ಇಟ್ಟುಕೊಂಡು ಕಪ್ಪು ಪರದೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಚಿತ್ರ ಇಲ್ಲ, ಮೌಸ್ ಇಲ್ಲ, ಮೋಡೆಮ್ಮಿನ ಕಿರ್ರ್ ಸದ್ದು ನಿಂತ ಮೇಲೆ ಒಂದೊಂದೇ ಸಾಲು ಇಳಿದು ಬರುತ್ತಿತ್ತು. ಅಮ್ಮ ಫೋನ್ ಎತ್ತಿದರೆ ಅಲ್ಲಿಗೆ ಕಥೆ ಮುಗೀತು!

ಸರಿ, ಈಗ ಗೆಳೆಯನ ಪ್ರಶ್ನೆ. ವಿಕಿಪೀಡಿಯದಲ್ಲಿ ಗಮನಾರ್ಹತೆ ಅಂತ ಒಂದು ನಿಯಮ ಇದೆ. ಸುಲಭವಾಗಿ ಹೇಳುವುದಾದರೆ, ವಿಷಯಕ್ಕೆ ಸಂಬಂಧ ಇಲ್ಲದ, ನಂಬಬಹುದಾದ ಬೇರೆ ಯಾರಾದರೂ ಅದರ ಬಗ್ಗೆ ನಾಲ್ಕು ಮಾತು ಗಟ್ಟಿಯಾಗಿ ಬರೆದಿರಬೇಕು. ನಮ್ಮ ಬೆನ್ನು ನಾವೇ ತಟ್ಟಿಕೊಂಡದ್ದು ಲೆಕ್ಕಕ್ಕಿಲ್ಲ. ಈ ನಿಯಮವನ್ನು ಬೈಯುವವರು ಜಾಸ್ತಿ, ನನಗೆ ಮಾತ್ರ ಇದು ಸರಿ ಅನ್ನಿಸುತ್ತದೆ. ಇಲ್ಲದಿದ್ದರೆ ಪ್ರತಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೂ ಒಂದು ಪುಟ ಬರುತ್ತದೆ, ಅದರಲ್ಲಿ ಕಾರ್ಯದರ್ಶಿಯ ಫೋಟೋ ಬೇರೆ.

ಫ್ರೀ-ನೆಟ್ ಪರ ವಾದಿಸುವವರು ಸಾಮಾನ್ಯವಾಗಿ "ಜನಸಾಮಾನ್ಯರಿಗೆ ತೆರೆದ ಕಂಪ್ಯೂಟರ್ ಜಾಲ ಇದೇ ಮೊದಲು" ಅಂತ ಶುರು ಮಾಡುತ್ತಾರೆ. ಅಲ್ಲೇ ಎಡವುತ್ತಾರೆ. 1973ರಲ್ಲೇ ಬರ್ಕ್‌ಲಿಯಲ್ಲಿ, ಲಿಯೊಪೋಲ್ಡ್ಸ್ ಎಂಬ ಗ್ರಾಮಫೋನ್ ರೆಕಾರ್ಡ್ ಅಂಗಡಿಯಲ್ಲಿ 'ಕಮ್ಯುನಿಟಿ ಮೆಮರಿ' ಅಂತ, ಯಾರು ಬೇಕಾದರೂ ಸಂದೇಶ ಬರೆದು ಓದಬಹುದಾದ ಟರ್ಮಿನಲ್ (ದೂರದ ಕಂಪ್ಯೂಟರಿಗೆ ಜೋಡಿಸಿದ ಯಂತ್ರ) ಇಟ್ಟಿದ್ದರು. ಟೈಪ್‌ರೈಟರ್ ಥರದ ಟೆಲಿಟೈಪ್ ಯಂತ್ರ, ಅದರ ಗದ್ದಲ ಕಡಿಮೆ ಮಾಡಲು ಡಬ್ಬದೊಳಗೆ ಕೂರಿಸಿದ್ದರು, ಕೈ ತೂರಿಸಲು ತೂತು. 1978ರಲ್ಲಿ ಶಿಕಾಗೋದಲ್ಲಿ ಹಿಮಪಾತಕ್ಕೆ ಸಿಕ್ಕಿ ಮನೆಯಲ್ಲೇ ಕೂತ ವಾರ್ಡ್ ಕ್ರಿಸ್ಟೆನ್ಸನ್, ಗೆಳೆಯ ರ‍್ಯಾಂಡಿ ಸೂಸ್ ಜೊತೆ ಸೇರಿ ಸಿಬಿಬಿಎಸ್ ಕಟ್ಟಿದರು, ಫೋನ್ ಮೂಲಕ ಕರೆ ಮಾಡಿ ಸಂದೇಶ ಹಾಕುವ, ಓದುವ ಕಂಪ್ಯೂಟರ್ ಫಲಕ. ಹಾಗಾಗಿ ಮೊದಲನೆಯದು ಅನ್ನುವ ಮಾತನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಇನ್ನೊಂದು ಸಾಕ್ಷಿ ಕೈಗೆ ಸಿಕ್ಕಾಗ ಖುಷಿಪಟ್ಟೆ, ಆಮೇಲೆ ಪೆಚ್ಚಾದೆ. ಸೇಂಟ್ ಸಿಲಿಕಾನ್ ಪ್ರಯೋಗದ ಬಗ್ಗೆ 1986ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲೇ ಲೇಖನ ಬಂದಿದೆ. ಅದಕ್ಕಿಂತ ದೊಡ್ಡ ಪತ್ರಿಕೆ ಬೇಕಾ? ಆದರೆ ಬರೆದವರು ಯಾರು? ಸ್ವತಃ ಗ್ರಂಡ್ನರ್, ಜೊತೆಗೆ ಇನ್ನೊಬ್ಬರು. ನಮ್ಮ ಶಾಸನಗಳ ಕಥೆಯೂ ಇದೇ ತಾನೆ? ರಾಜ ತನ್ನ ಬಗ್ಗೆ ತಾನೇ ಕಲ್ಲಿನಲ್ಲಿ ಕೆತ್ತಿಸಿದ್ದು. ಬಿ.ಎಲ್. ರೈಸ್ ಅಂಥವರು ಹಳ್ಳಿಹಳ್ಳಿಯ ಕಲ್ಲುಗಳನ್ನು ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಅಚ್ಚು ಹಾಕಿಸಿ, ಆಮೇಲೆ ಇನ್ಯಾರೋ ಅದನ್ನು ಒರೆಗೆ ಹಚ್ಚಿದ ಮೇಲೆ ಅದು ಚರಿತ್ರೆ ಆಯಿತು.

ಫ್ರೀ-ನೆಟ್ಟಿಗೂ ಹಾಗೆ ಒರೆಗೆ ಹಚ್ಚಿದವರು ಇದ್ದಾರೆ. ಪೆಟ್ರೀಶಿಯಾ ಬ್ರೆನ್ನನ್ ಅಂತ, ಮುಂದೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ನಿರ್ದೇಶಕಿಯಾದವರು. ಅವರು ಇದೇ ಜಾಲದ ಮೇಲೆ 'ಕಂಪ್ಯೂಟರ್‌ಲಿಂಕ್' ಅಂತ ಒಂದು ಸೇವೆ ನಡೆಸಿದರು. ಅಲ್ಜೈಮರ್ ಬಂದ ತಾಯಿಯನ್ನೋ ಗಂಡನನ್ನೋ ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 102 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗೆ ಟರ್ಮಿನಲ್ ಕೊಟ್ಟು, ಒಂದು ವರ್ಷ ಏನಾಗುತ್ತದೆ ಅಂತ ನೋಡಿದರು. ಟರ್ಮಿನಲ್ ಇದ್ದವರಿಗೆ ನಿರ್ಧಾರ ತೆಗೆದುಕೊಳ್ಳುವ ಧೈರ್ಯ ಹೆಚ್ಚಿತ್ತು. ನಿರ್ಧಾರ ಮಾಡುವ ಜಾಣ್ಮೆಯೇನೂ ಹೆಚ್ಚಲಿಲ್ಲ ಅನ್ನುವುದನ್ನೂ ಅವರು ಮುಚ್ಚಿಡದೆ ಬರೆದರು. ಅದೂ ಅದೇ ವಿಶ್ವವಿದ್ಯಾಲಯ ಅಲ್ವಾ ಅಂತ ಗೆಳೆಯ ಕೊಂಕು ತೆಗೆದ. ಹೌದು, ಆದರೆ ಜಾಲ ಕಟ್ಟಿದವರು ಅವರಲ್ಲ, ಅದನ್ನು ಅಳೆದವರು. ನನಗೆ ಅಷ್ಟು ಸಾಕು.

ಜೊತೆಗೆ ಬೇರೆ ಊರಿನವರು ಇದನ್ನು ನೋಡಿ ಕಲಿತರು. 1987ರಲ್ಲಿ ಪಕ್ಕದ ಯಂಗ್ಸ್‌ಟೌನ್, ಆಮೇಲೆ ಇನ್ನೆಷ್ಟೋ ಊರು. ಇವನ್ನೆಲ್ಲ ಒಟ್ಟುಗೂಡಿಸಲು ಗ್ರಂಡ್ನರ್ 1989ರಲ್ಲಿ ಕಟ್ಟಿದ ಸಂಸ್ಥೆ 1996ರಲ್ಲಿ ದಿವಾಳಿ ಎದ್ದಿತು. ಕ್ಲೀವ್‌ಲ್ಯಾಂಡಿನದು 1999ರ ಸೆಪ್ಟೆಂಬರ್ ಕೊನೆಗೆ ನಿಂತಿತು. ಕೊಟ್ಟ ಕಾರಣ ವೈಟುಕೆ, ಅಂದರೆ 2000ನೇ ಇಸವಿ ಬಂದಾಗ ಹಳೇ ಕಂಪ್ಯೂಟರುಗಳು ತಾರೀಖು ತಪ್ಪಾಗಿ ಓದುತ್ತವೆ ಎಂಬ ತೊಂದರೆ. ಅಷ್ಟು ಹೊತ್ತಿಗೆ ಜನ ಹೇಗೂ ವೆಬ್ ಕಡೆ ಹೊರಟಿದ್ದರು ಬಿಡಿ. ಕೆನಡಾದ ಒಟ್ಟಾವಾದ ಫ್ರೀನೆಟ್ ಮಾತ್ರ ಮನೆಮನೆಗೆ ಇಂಟರ್ನೆಟ್ ಕೊಡುತ್ತಾ ಇನ್ನೂ ಬದುಕಿದೆ.

ಹಾಗಂತ ಎಲ್ಲ ಫ್ರೀ-ನೆಟ್‌ಗಳಿಗೂ ಪುಟ ಬೇಕು ಅಂತ ನಾನು ಹೇಳಲಾರೆ. ಎರಡು ವರ್ಷ ನಡೆದು ಮುಚ್ಚಿದ ಸಣ್ಣ ಊರಿನದಕ್ಕೆ ದೊಡ್ಡ ಪುಟದೊಳಗೆ ಒಂದು ಸಾಲು ಸಾಕು. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಗೂಗಲ್‌ನಲ್ಲಿ ಏನೂ ಸಿಗಲಿಲ್ಲ ಅಂತ ಕೈ ಚೆಲ್ಲುವುದು ಸೋಮಾರಿತನ. ಆ ಕಾಲದ ಸುದ್ದಿ ಇರುವುದು ಆಯಾ ಊರಿನ ಹಳೇ ಪತ್ರಿಕೆಗಳಲ್ಲಿ, ಗ್ರಂಥಾಲಯದ ಮೈಕ್ರೋಫಿಲ್ಮ್ ಸುರುಳಿಗಳಲ್ಲಿ. ಜಾಲದ ಒಳಗೆ ಜನ ಬರೆದದ್ದರಲ್ಲಿ ಬಹುಪಾಲು ಯಂತ್ರದ ಜೊತೆಗೇ ಹೋಯಿತು.

ಕೊನೆಗೆ ನಾನು ಸಿಕ್ಕಿಬಿದ್ದದ್ದು ಅನುವಾದದಲ್ಲಿ. ಮೆನುವಿನ ಮೂರನೇ ಸಾಲಿಗೆ 'ಅರಳಿಕಟ್ಟೆ' ಅಂತ ಬರೆದು, ಎಷ್ಟು ಚೆನ್ನಾಗಿ ಕೂತಿದೆ ಅಂತ ಬೀಗುತ್ತಿದ್ದೆ. ಆಮೇಲೆ ಕ್ಲೀವ್‌ಲ್ಯಾಂಡಿನ ನಕ್ಷೆ ತೆಗೆದರೆ, ಊರ ನಟ್ಟನಡುವೆ ಪಬ್ಲಿಕ್ ಸ್ಕ್ವೇರ್ ಅಂತ ನಿಜವಾದ ಚೌಕವೇ ಇದೆ! ಅರಳಿಕಟ್ಟೆ ಅಳಿಸಿ, ಪಬ್ಲಿಕ್ ಸ್ಕ್ವೇರ್ ಅಂತಲೇ ಬರೆದೆ.