ಹಿಮವಿಲ್ಲದ ವಿಸ್ಲರ್‌ನಲ್ಲಿ ಒಂದು ನಡಿಗೆ

ಹಿಮದ ಮೇಲೆ ಜಾರುವ ಸ್ಕೀ ಆಟದ ಊರಿಗೆ ಆಗಸ್ಟ್‌ನಲ್ಲಿ ಹೋಗುವುದು ಜಾತ್ರೆ ಮುಗಿದ ಮೇಲೆ ತೇರು ನೋಡಲು ಹೋದ ಹಾಗೆ ಅಂತ ಗೆಳೆಯರು ನಗಾಡಿದರು. ನಗಲಿ ಬಿಡಿ. ಕೆನಡಾದ ವ್ಯಾಂಕೂವರ್‌ನಿಂದ 99ನೇ ಹೆದ್ದಾರಿ ಹಿಡಿದು ಸುಮಾರು 120 ಕಿ.ಮೀ. ಹೋದರೆ ವಿಸ್ಲರ್. 2010ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಇಳಿಜಾರಿನ (ಆಲ್ಪೈನ್) ಸ್ಕೀ ಸ್ಪರ್ಧೆಗಳು ನಡೆದದ್ದು ಇಲ್ಲಿನ ಬೆಟ್ಟದಲ್ಲೇ.

ಊರಿಂದ ತಂತಿಯಲ್ಲಿ ತೂಗುತ್ತ ಸಾಗುವ ಕ್ಯಾಬಿನ್, ಅಂದರೆ ಗೊಂಡೋಲಾ, ಹತ್ತಿದರೆ ಬೆಟ್ಟದ ಮೇಲಿನ ರೌಂಡ್‌ಹೌಸ್ ಕಟ್ಟಡ, ಅಲ್ಲಿಂದ ಸ್ವಲ್ಪ ಇಳಿದರೆ ತುದಿಗೆ ಹೋಗುವ ಚೇರ್‌ಲಿಫ್ಟ್, ಅಂದರೆ ತಂತಿಗೆ ತೂಗುಹಾಕಿದ ಕುರ್ಚಿಗಳು. ಹತ್ತುವ ಕಷ್ಟವೆಲ್ಲ ಯಂತ್ರದ್ದು. ಹೀಗೆ ಹೋದರೆ ಅದೂ ಒಂದು ಚಾರಣವಾ ಅಂತ ಮೂಗು ಮುರಿಯುವವರಿದ್ದಾರೆ. ನನಗಂತೂ ನಾಚಿಕೆಯಿಲ್ಲ. ಕಾಲಿನ ಕಸುವೆಲ್ಲ ಮೇಲೆ ನಡೆಯಲು ಉಳಿಯುತ್ತದೆ, ಅಲ್ವಾ?

ಕಾಲು ಇಳಿಬಿಟ್ಟು ಚೇರ್‌ನಲ್ಲಿ ಕೂತರೆ ಕೆಳಗೆ ಬರೀ ಕಲ್ಲು. ಸ್ಕೀ ಮಾಡುವವರಿಗೆಂದು ಹಾಕಿದ ಎಚ್ಚರಿಕೆ ಫಲಕಗಳು ಉದ್ದುದ್ದ ಕಂಬಗಳ ತುದಿಯಲ್ಲಿ ನಿಂತಿದ್ದವು. ಚಳಿಗಾಲದಲ್ಲಿ ಅವನ್ನು ಕತ್ತೆತ್ತದೆ ಓದಬಹುದು ಅಂದರೆ ಹಿಮ ಎಷ್ಟು ಬೀಳುತ್ತದೆ ಲೆಕ್ಕ ಹಾಕಿ!

ತುದಿಯ ಎತ್ತರ 2,180 ಮೀಟರ್ ಆಸುಪಾಸು. ಅಲ್ಲಿಂದ ಶುರುವಾಗುವ ಹೈ ನೋಟ್ ಹಾದಿ ಸುಮಾರು ಒಂಬತ್ತೂವರೆ ಕಿ.ಮೀ. ಮೊದಲಿಗೇ ಬಂಡೆಗಳ ನಡುವೆ ಕಡಿದಾದ ಇಳಿತ. ಕೈ ಊರದೆ ಆಗುವುದಿಲ್ಲ. ಅದು ದಾಟಿದರೆ ಲಿಫ್ಟಿನ ಕಂಬ, ತಂತಿ ಎಲ್ಲ ಬೆನ್ನ ಹಿಂದೆ ಮರೆ. ಬೆಟ್ಟದ ಅಂಚಿಗೆ ಅಂಟಿಕೊಂಡೇ ಹಾದಿ ಸಾಗುತ್ತದೆ. ಬಲಗಡೆ ಸಾವಿರ ಮೀಟರಿಗೂ ಕೆಳಗೆ ಚೀಕಮಸ್ ಸರೋವರ. ಆ ಹಸಿರು ನೀಲಿ ಬಣ್ಣಕ್ಕೆ ಕಾರಣ ಹಿಮನದಿ ಅರೆದು ತಂದ ಕಲ್ಲಿನ ಪುಡಿ. ಆಚೆ ಬದಿಯಲ್ಲಿ ಬ್ಲ್ಯಾಕ್ ಟಸ್ಕ್ ಶಿಖರ. ಹಳೆಯ ಜ್ವಾಲಾಮುಖಿಯ ಸಡಿಲ ಮೈಯೆಲ್ಲ ಸವೆದು ಉಳಿದ ಗಟ್ಟಿ ತಿರುಳು ಅದು. ಫೋಟೋ ತೆಗೆಯಲು ನಿಂತು ನಿಂತು ನಮ್ಮ ನಡಿಗೆ ಆಮೆಗತಿಗೆ ಬಂತು.

ದಾರಿಯುದ್ದಕ್ಕೂ ನೀಲಿ ಲ್ಯುಪಿನ್, ಕೆಂಪು ಪೇಂಟ್‌ಬ್ರಷ್ ಹೂಗಳು. ನೆರಳಿನ ಸಂದುಗಳಲ್ಲಿ ಕರಗದ ಕೊಳಕು ಹಿಮ. ಬಂಡೆ ಮೇಲೆ ಮಲಗಿದ್ದ, ಅಳಿಲಿನ ಬಳಗದ ದಪ್ಪ ಮಾರ್ಮಟ್ ಒಂದು ನಮ್ಮನ್ನು ಕಂಡು ಜೋರಾಗಿ ಸಿಳ್ಳೆ ಹಾಕಿತು. ಬೆಟ್ಟಕ್ಕೆ ವಿಸ್ಲರ್, ಅಂದರೆ ಸಿಳ್ಳೆ ಹಾಕುವವ, ಅನ್ನುವ ಹೆಸರು ಕೊಟ್ಟಿದ್ದೇ ಈ ಸಿಳ್ಳೆ. ಮೊದಲು ಇದು ಲಂಡನ್ ಬೆಟ್ಟ ಆಗಿತ್ತು. ಲಂಡನ್ ಅಂದರೆ ಮಂಜು, ಮಳೆ ನೆನಪಾಗಿ ಗಿರಾಕಿಗಳು ಹಿಂಜರಿಯುತ್ತಾರೆ ಅಂತ 1960ರ ದಶಕದಲ್ಲಿ, ಲಿಫ್ಟ್ ಶುರುವಾಗುವ ಮೊದಲು, ಹೆಸರು ಬದಲಿಸಿದರಂತೆ. ವ್ಯಾಪಾರ ಅಂದರೆ ವ್ಯಾಪಾರ!

ಪುಳಿಯೋಗರೆ ಡಬ್ಬಿ ತೆರೆದದ್ದೇ ತಡ, ವಿಸ್ಕಿ ಜಾಕ್ ಹಕ್ಕಿಗಳು ಪಕ್ಕದಲ್ಲೇ ಬಂದು ಕೂತವು. ತಿಂಡಿ ಹಾಕಬಾರದು ಅನ್ನುವ ನಿಯಮವಿದೆ, ಅದು ಅವಕ್ಕೆ ಗೊತ್ತಿರಬೇಕಲ್ಲ.

ಹಾದಿಯ ಕೊನೆ ಮಾತ್ರ ಮೋಸ. ಹಾರ್ಮನಿ ಕೆರೆ ದಾಟಿ, ಕಾಲು ಸೋತ ಹೊತ್ತಿಗೆ, ರೌಂಡ್‌ಹೌಸ್‌ಗೆ ಮತ್ತೆ ಏರು. ಕೊನೆಯ ಗೊಂಡೋಲಾ ತಪ್ಪಿದರೆ ಊರವರೆಗೆ ನಡೆದೇ ಇಳಿಯಬೇಕು. ಹಾಗಾಗಿ ಏದುಸಿರು ಬಿಡುತ್ತಲೇ ಓಡಿದೆವು. ಇಳಿಯುವಾಗ ಕೆಳಗೆ ಒಂದು ಕಪ್ಪು ಕರಡಿ ನಿಧಾನಕ್ಕೆ ಹುಲ್ಲು ಮೇಯುತ್ತಿತ್ತು. ಸ್ಕೀಗಾಗಿ ಮರ ಕಡಿದು ಬಯಲು ಮಾಡಿದ ಕಡೆ ಹುಲ್ಲು, ಹಣ್ಣಿನ ಗಿಡ ಜಾಸ್ತಿ. ಕರಡಿಗಳಿಗೆ ಅದೇ ಬೇಕು. ಕ್ಯಾಬಿನ್‌ನಲ್ಲಿದ್ದವರೆಲ್ಲ ಫೋನ್ ಹಿಡಿದು ಒಂದೇ ಬದಿಗೆ ವಾಲಿದೆವು. ಅದು ತಲೆ ಎತ್ತಿಯೂ ನೋಡಲಿಲ್ಲ.