ಹಳೇ ಬೋರ್ಡಿಗೆ ಹೊಸ ಪ್ರೊಸೆಸರ್

2025ರ ಮೇ ತಿಂಗಳು. ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟಿತ್ತು, ಮದುವೆ ಸೀಸನ್ ಬೇರೆ. ನಾನು ಮನೆಯಲ್ಲೇ ಕೂತು ಲಗ್ನಪತ್ರಿಕೆ ಡಿಸೈನ್ ಮಾಡಿಕೊಡುತ್ತೇನೆ. ಕೈತುಂಬ ಕೆಲಸ ಇರುವ ಹೊತ್ತಲ್ಲೇ ಕಂಪ್ಯೂಟರ್ ತೆವಳೋಕೆ ಶುರು ಮಾಡಿತು.

ಮೇಲೆ ಶರಣಬಸವೇಶ್ವರರ ಚಿತ್ರ, ನಡುವೆ ವಧು-ವರರ ಫೋಟೊ, ಸುತ್ತ ಹೂವಿನ ಬಾರ್ಡರ್. ಕೊರೆಲ್‌ಡ್ರಾದಲ್ಲಿ ಒಂದು ಹೆಸರು ಸರಿಸಿದರೆ ಸಾಕು, ಪರದೆ ಹಾಗೇ ನಿಂತುಬಿಡುತ್ತಿತ್ತು. ದೊಡ್ಡ ಫೈಲನ್ನು ಪಿಡಿಎಫ್ ಮಾಡೋಕೆ ಆರು ನಿಮಿಷ. ಪಕ್ಕದಲ್ಲಿ ಕೂತ ಹುಡುಗಿಯ ಅಪ್ಪ "ಅಕ್ಕಾರ, ಇನ್ನಾ ಎಷ್ಟೊತ್ತರಿ?" ಅಂತ ಕೇಳಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತಿತ್ತು. ಪಾಪ, ಅವರಿಗೆ ಇನ್ನೂ ಹತ್ತು ಕಡೆ ಓಡಾಟ ಇರುತ್ತದೆ.

ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. ಪಿಡಿಎಫ್ ಆಗುವಷ್ಟು ಹೊತ್ತೂ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು, ರ್‍ಯಾಮ್ ತುಂಬಿ ತುಳುಕುತ್ತಿತ್ತು. ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಿಂದೆಯೇ ಹಾಕಿಸಿದ್ದೆ, ಹಾಗಾಗಿ ಅದರ ತಪ್ಪಲ್ಲ. ಯಂತ್ರ 2018ರದು. ಪ್ರೊಸೆಸರ್ ರೈಜೆನ್ 3 2200ಜಿ, ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಲ್ಲವೂ ಕೂರುವ ಎ320 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ್‍ಯಾಮ್. ಇನ್ನೊಂದು ಚಿಂತೆಯೂ ಇತ್ತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ 2200ಜಿ ಇಲ್ಲ.

ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಬೋರ್ಡ್, ಪ್ರೊಸೆಸರ್, ರ್‍ಯಾಮ್ ಎಲ್ಲಾ ತೆಗೀಬೇಕ್ರಿ ಅಕ್ಕಾರ. ಹಳೇದಕ್ಕ ಏನೂ ಮಾಡಾಕ ಬರಂಗಿಲ್ಲ" ಅಂದರು. ಚೀಟಿಯಲ್ಲಿ ಬರೆದುಕೊಟ್ಟ ಮೊತ್ತ ನೋಡಿ ಸುಮ್ಮನೆ ಮಡಚಿ ಪರ್ಸಿಗೆ ಹಾಕಿಕೊಂಡೆ. ನಾನು ಎತ್ತಿಟ್ಟಿದ್ದು 15 ಸಾವಿರ ಮಾತ್ರ.

ಸಂಜೆ ಅಣ್ಣನ ಮಗ ಬಂದ. ಡಿಪ್ಲೊಮಾ ಓದುತ್ತಾನೆ. ಚೀಟಿ ನೋಡಿದವನೇ "ಅತ್ತಿ, ಮೊದಲ ಬೋರ್ಡ್ ಯಾವುದೈತಿ ನೋಡೂಣು" ಅಂದ. ಪಕ್ಕದ ಮುಚ್ಚಳ ಬಿಚ್ಚಿ, ಧೂಳು ಒರೆಸಿ, ಮೊಬೈಲ್ ಟಾರ್ಚ್ ಹಿಡಿದು ಬೋರ್ಡಿನ ಮೇಲಿನ ಮಾಡೆಲ್ ನಂಬರ್ ಓದಿದೆವು. ಬೋರ್ಡ್ ಕಂಪನಿಯವರೇ ಯಾವ ಪ್ರೊಸೆಸರ್ ಕೂರುತ್ತದೆ ಅಂತ ಪಟ್ಟಿ ಕೊಟ್ಟಿರುತ್ತಾರೆ. ಅದರಲ್ಲಿ ರೈಜೆನ್ 5 5600ಜಿ ಇತ್ತು! ಎದುರಿಗೆ ಬೇಕಾದ ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ವರ್ಷನ್ ಕೂಡ ಬರೆದಿತ್ತು. ರೈಜೆನ್ ಮಾಡುವ ಎಎಂಡಿಯವರು 2016ರಲ್ಲಿ ತಂದ ಎಎಂ4 ಸಾಕೆಟ್ಟನ್ನು, ಅಂದರೆ ಪ್ರೊಸೆಸರ್ ಕೂರುವ ಜಾಗವನ್ನು, 5000 ಸರಣಿವರೆಗೂ ಬದಲಿಸಲೇ ಇಲ್ಲ. ನನ್ನ ಎ320ಯಂಥ ಹಳೇ 300 ಸರಣಿ ಬೋರ್ಡ್‌ಗಳಿಗೂ 2022ರಲ್ಲಿ ಬಯಾಸ್ ಮೂಲಕ ದಾರಿ ತೆರೆದರು. ನನ್ನಂಥವರ ಎಷ್ಟು ದುಡ್ಡು ಉಳಿಯಿತು ಇದರಿಂದ!

ಆದರೂ ಅವತ್ತು ರಾತ್ರಿ ತುಂಬ ಹೊತ್ತು ಲೆಕ್ಕ ಹಾಕಿದೆವು. ಇಂಟೆಲ್‌ನ ಐ3 12100 ಒಳ್ಳೆಯ ಪ್ರೊಸೆಸರ್. ನಾಲ್ಕೇ ಕೋರ್ ಆದರೂ ಒಂದೊಂದು ಕೋರಿನ ವೇಗ 5600ಜಿಗಿಂತ ಚೆನ್ನಾಗಿದೆ. ಡಿಸೈನ್ ಕೆಲಸಕ್ಕೆ ಅದೇ ಮುಖ್ಯ ಅಂತ ನನಗೂ ಗೊತ್ತು. ಕೈಯಲ್ಲಿ ಏನೂ ಇಲ್ಲದೆ ಹೊಸದಾಗಿ ಕಟ್ಟಿಸುವವರಾದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದಕ್ಕೆ ಎಚ್610ನಂಥ ಬೇರೆ ಬೋರ್ಡ್ ಬೇಕು. ಎರಡೂ ಸೇರಿದರೆ ನನ್ನ 15 ಸಾವಿರ ದಾಟುತ್ತಿತ್ತು, ರ್‍ಯಾಮಿಗೆ ಏನೂ ಉಳಿಯುತ್ತಿರಲಿಲ್ಲ. 5600ಜಿಯಲ್ಲಿ ಆರು ಕೋರ್, ಹನ್ನೆರಡು ಥ್ರೆಡ್, ಅಂದರೆ ಒಂದೇ ಸಲಕ್ಕೆ ಹನ್ನೆರಡು ಕೆಲಸದ ಎಳೆ. ಹಳೇದರ ಹಾಗೇ 65 ವ್ಯಾಟ್, ಆದ್ದರಿಂದ ಕರೆಂಟ್ ಕೊಡುವ ಎಸ್‌ಎಂಪಿಎಸ್ ಬದಲಿಸಬೇಕಿಲ್ಲ. ಬಿಸಿಯೂ ಅಷ್ಟಾಗಿ ಹೆಚ್ಚುವುದಿಲ್ಲ, ನಮ್ಮ ಬೇಸಿಗೆಗೆ ಇದು ದೊಡ್ಡ ಮಾತು. ನನ್ನ ಕೋಣೆಯಲ್ಲಿ ಎಸಿ ಇಲ್ಲ.

ಬರೀ 5600 ಇನ್ನೂ ಚುರುಕು, ಅದರ ಕ್ಯಾಶ್ (ಒಳಗಿನ ವೇಗದ ಪುಟ್ಟ ಮೆಮೊರಿ) 5600ಜಿಯ ಎರಡರಷ್ಟು. ಆದರೆ ಎಎಂ4ನ ಈ ರೈಜೆನ್‌ಗಳಲ್ಲಿ ಜಿ ಅಕ್ಷರ ಇಲ್ಲದ್ದಕ್ಕೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಪರದೆ ಮೇಲೆ ಏನೂ ಬರಲ್ಲ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೂ ಇದೇ ಕತೆ. ಒಂದು ಅಕ್ಷರ ನೋಡದೆ ತಂದು ಪೇಚಾಡಿದವರು ಜಾಸ್ತಿ ಜನ ಇದ್ದಾರೆ, ದಯವಿಟ್ಟು ಡಬ್ಬಿ ಮೇಲಿನ ಹೆಸರು ಪೂರ್ತಿ ಓದಿ. ಕೊನೆಗೆ 5600ಜಿ, ಜೊತೆಗೆ ಇನ್ನೊಂದು 8 ಜಿಬಿ ರ್‍ಯಾಮ್ ಅಂತ ತೀರ್ಮಾನಿಸಿದೆವು. ಒಳಗಿನ ಗ್ರಾಫಿಕ್ಸ್ ರ್‍ಯಾಮನ್ನೇ ಬಳಸುತ್ತದೆ, ಅದಕ್ಕೆ ಒಂದಕ್ಕಿಂತ ಜೋಡಿ ಒಳ್ಳೆಯದು.

ಭಾನುವಾರ ಬೆಳಿಗ್ಗೆ ಆರಕ್ಕೇ ಕೂತೆವು. ಸರ್ಕಾರಿ ಕಚೇರಿಗಳೇ ಎಂಟಕ್ಕೆ ಶುರುವಾಗಿ ಒಂದೂವರೆಗೆ ಮುಗಿಯುವ ಕಾಲ, ಬಿಸಿಲೇರಿದ ಮೇಲೆ ಯಾವ ಕೆಲಸವೂ ಸಾಗುವುದಿಲ್ಲ. ಬಯಾಸ್ ಅಪ್‌ಡೇಟನ್ನು ಹಳೇ ಪ್ರೊಸೆಸರ್ ಇರುವಾಗಲೇ ಮಾಡಬೇಕು. ಹೊಸದು ಹಾಕಿದ ಮೇಲೆ ಯಂತ್ರ ಏಳದಿದ್ದರೆ ಅಪ್‌ಡೇಟ್ ಮಾಡುವುದಾದರೂ ಹೇಗೆ? ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತಂತೆ. ಯುಪಿಎಸ್ ಹಿಂದಿನ ದಿನವೇ ಪರೀಕ್ಷೆ ಮಾಡಿದ್ದೆವು. ಪೆನ್‌ಡ್ರೈವ್ ಹಾಕಿ ಶುರು ಮಾಡಿದೆವು. ಗೆರೆ ಅರ್ಧ ದಾಟಿತ್ತು, ತಲೆ ಮೇಲಿನ ಫ್ಯಾನ್ ನಿಧಾನವಾಗಿ ನಿಂತಿತು. ಯುಪಿಎಸ್ ಕೂಗತೊಡಗಿತು. ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. 70, 80, 90. ಮುಗಿದು ತಾನೇ ರೀಸ್ಟಾರ್ಟ್ ಆದಾಗ ಹುಡುಗನ ಕೈ ಹಿಡಿದುಕೊಂಡೇ ಇದ್ದೆ.

ಕರೆಂಟ್ ಬಂದ ಮೇಲೆ ಒಂದಿಷ್ಟು ಹೊತ್ತು ಯಂತ್ರ ಓಡಿಸಿ ಬಿಸಿ ಮಾಡಿ, ಆಮೇಲೆ ಆಫ್ ಮಾಡಿ ಪ್ಲಗ್ ತೆಗೆದೆವು. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಏಳು ವರ್ಷದ ಪೇಸ್ಟು ಪರಾತಿಗೆ ಅಂಟಿ ಒಣಗಿದ ಜೋಳದ ಹಿಟ್ಟಿನಂತೆ ಬಿಗಿದುಕೊಂಡಿರುತ್ತದೆ. ಸುಮ್ನೆ ಎಳೆದರೆ ಕೂಲರ್ ಜೊತೆ ಪ್ರೊಸೆಸರೂ ಕಿತ್ತು ಬರುತ್ತದೆ. ಹುಡುಗ ಸ್ಕ್ರೂ ಬಿಚ್ಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತಿರುಗಿಸಿದ. ಬಿಟ್ಟಿತು. ಅಡಿಯಲ್ಲಿ 1331 ಪಿನ್, ಕೂದಲಿನಷ್ಟು ಸಣ್ಣವು. ಒಂದು ಬಾಗಿದರೂ ಕಷ್ಟ. ಹೊಸದರ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟ. ಒತ್ತಲೇ ಇಲ್ಲ, ತಾನಾಗಿ ಕೂತಿತು. ಅದನ್ನು ಬಿಗಿಹಿಡಿಯುವ ಕಂಬಿ ಮಡಚಿದ ಮೇಲೆಯೇ ನಾನು ಮಾತಾಡಿದ್ದು.

ಮೊದಲ ಸಲ ಆನ್ ಮಾಡಿದಾಗ ಪರದೆ ಬಹಳ ಹೊತ್ತು ಕಪ್ಪಾಗೇ ಇತ್ತು. ಆಮೇಲೆ ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಗುಪ್ತ ಕೀಗಳನ್ನು ಇಡುವ ಭದ್ರತಾ ಭಾಗ) ಅಳಿಸಲೇ ಅಂತ ಕೇಳಿತು. ಬಿಟ್‌ಲಾಕರ್ (ಡಿಸ್ಕಿನ ಬೀಗ) ಹಾಕಿದವರು ಇಲ್ಲಿ ರಿಕವರಿ ಕೀ ಇಟ್ಟುಕೊಳ್ಳದೆ ಮುಂದೆ ಹೋಗಬಾರದು. ನಾನು ಹಾಕಿರಲಿಲ್ಲ. ವೈ ಒತ್ತಿದೆ.

ಅದೇ ಆರು ನಿಮಿಷದ ಫೈಲ್ ಎರಡೂವರೆ ನಿಮಿಷಕ್ಕೆ ಮುಗಿಯಿತು. ಸಂಜೆ ಬಂದ ಗಿರಾಕಿ ಮುಂದೆಯೇ ಮೂರು ಸಲ ಹೆಸರು ತಿದ್ದಿ ತೋರಿಸಿದೆ, ಅವರು ಬೇಗ ಎದ್ದು ಬಟ್ಟೆ ಅಂಗಡಿಗೆ ಹೊರಟರು.

ಹಳೇ 2200ಜಿಯನ್ನು ಹೊಸದರ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಹುಡುಗನಿಗೇ ಕೊಟ್ಟೆ. ಅದಕ್ಕೊಂದು ಸೆಕೆಂಡ್ ಹ್ಯಾಂಡ್ ಬೋರ್ಡ್ ಹುಡುಕುತ್ತಿದ್ದಾನೆ.